ಸಹಾಯ ಬೇಕು: ಬೆಲ್ಲದ ಫೋಟೋ ಪ್ರಿಂಟ್ ಆದಾಗ ಬಣ್ಣ ಬದಲಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವಳು. ನಮ್ಮೂರ ಆಲೆಮನೆಯವರಿಗೆ ಬೆಲ್ಲದ ಪ್ಯಾಕೆಟ್‌ಗೆ ಲೇಬಲ್ ಮಾಡಿಕೊಡುತ್ತಿದ್ದೇನೆ. ಫೋಟೋ, ಎಡಿಟಿಂಗ್, ಡಿಸೈನ್ ಎಲ್ಲಾ ನಾನೇ ಕಲಿತುಕೊಂಡು ಮಾಡುತ್ತಿರುವುದು. ಕೆಮಿಕಲ್ ಹಾಕದ ಬೆಲ್ಲ ಕಂದು ಬಣ್ಣದ್ದು, ಆ ಬಣ್ಣ ನೋಡಿಯೇ ಜನ ನಂಬಿ ತಗೊಳ್ಳೋದು ಅಲ್ವಾ, ಹಾಗಾಗಿ ಲೇಬಲ್‌ನಲ್ಲೂ ಅದೇ ಬಣ್ಣ ಬರಬೇಕು ಅನ್ನೋದು ನನ್ನ ಹಟ. ಸ್ಕ್ರೀನ್ ಮೇಲೆ ಚೆನ್ನಾಗಿದೆ. ಪ್ರಿಂಟ್ ಆದರೆ ಮಂಕು, ಕಪ್ಪು ಜಾಸ್ತಿ.

ಫೋಟೋನ ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆದು, ಬಣ್ಣ ಹೋಲಿಸೋಕೆ ಬೂದು ಬಣ್ಣದ ಗ್ರೇ ಕಾರ್ಡ್ ಇಟ್ಟು ಡಾರ್ಕ್‌ಟೇಬಲ್ ಅನ್ನೋ ಫೋಟೋ ಸಾಫ್ಟ್‌ವೇರ್‌ನಲ್ಲಿ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣೋ ಹಾಗೆ ಬಣ್ಣ) ಸರಿಮಾಡಿ, ಆಮೇಲೆ ಗಿಂಪ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ಗೆ ತರುತ್ತೇನೆ. ಫೋಟೋ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇದೆ. ಸ್ಕ್ರೀನ್ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೆಳಕು), ಪ್ರೆಸ್ ಸಿಎಂವೈಕೆ (ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿ), ಸ್ಕ್ರೀನ್‌ನಲ್ಲಿ ಕಾಣುವ ಎಲ್ಲಾ ಬಣ್ಣ ಶಾಯಿಯಲ್ಲಿ ಬರುವುದಿಲ್ಲ ಅಂತ ಗೊತ್ತು. ಆದರೆ ಪ್ರೆಸ್‌ನವರ ಹತ್ತಿರ ಯಾವ ಕಲರ್ ಪ್ರೊಫೈಲ್ (ಅವರ ಮೆಷಿನ್‌ನಲ್ಲಿ ಬಣ್ಣ ಹೇಗೆ ಬರುತ್ತೆ ಅಂತ ಹೇಳೋ ಫೈಲ್) ಕೇಳಬೇಕು? ಸಾಫ್ಟ್ ಪ್ರೂಫ್ (ಪ್ರಿಂಟ್ ಹೇಗೆ ಬರುತ್ತೆ ಅಂತ ಸ್ಕ್ರೀನ್ ಮೇಲೇ ತೋರಿಸೋದು) ನೋಡಿಕೊಂಡು ಕರ್ವ್ಸ್ ಅನ್ನೋ ಬೆಳಕು-ನೆರಳು ತಿದ್ದೋ ಟೂಲ್‌ನಲ್ಲಿ ಎಷ್ಟು ಬೆಳಕು ಎತ್ತಬೇಕು? ಕ್ರಿಟಾ (Krita) ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ನೇರವಾಗಿ ಸಿಎಂವೈಕೆಯಲ್ಲೇ ಕೆಲಸ ಮಾಡೋದು ಒಳ್ಳೇದಾ?

ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಓದಿದವರು ಅಥವಾ ಪ್ರೆಸ್‌ನಲ್ಲಿ ಕೆಲಸ ಮಾಡಿದವರು ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಟ್ಟರೆ ತುಂಬಾ ಉಪಕಾರ. ಫೀಸ್ ಕೊಡುತ್ತೇನೆ, ಭಾನುವಾರ ಮೈಸೂರಿಗೇ ಬರುತ್ತೇನೆ. ದಯವಿಟ್ಟು ಮೆಸೇಜ್ ಮಾಡಿ.