ಅಪ್‌ಡೇಟ್: ಅಪ್ಪನಿಗೆ ಕೀಮೋನೂ ಶುರು ಮಾಡಿಸಿದ್ವಿ

ಅಪ್ಪನ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗಳಿಗೆಲ್ಲ ಹರಡಿದೆ, ಹಾರ್ಮೋನ್ ಇಂಜೆಕ್ಷನ್ ಜೊತೆ ಕೀಮೋನೂ ಬೇಕಾ ಅಂತ ಕೇಳಿದ್ದೆ. ಬೇಕು ಅಂತಲೇ ತೀರ್ಮಾನ ಆಯ್ತು. ಡಾಕ್ಟರು 2015ರ ಚಾರ್ಟೆಡ್ ಅಧ್ಯಯನ ತೋರಿಸಿದ್ರು: ಕಾಯಿಲೆ ತುಂಬಾ ಹರಡಿದವರಲ್ಲಿ, ಹಾರ್ಮೋನ್ ಚಿಕಿತ್ಸೆ ಒಂದೇ ಕೊಟ್ಟಾಗ ಅರ್ಧದಷ್ಟು ಜನ ಸುಮಾರು 32 ತಿಂಗಳು ದಾಟಿ ಬದುಕಿದ್ರು, ಡೋಸಿಟ್ಯಾಕ್ಸೆಲ್ ಅನ್ನೋ ಕೀಮೋ ಔಷಧಿ ಸೇರಿಸಿದಾಗ 49 ತಿಂಗಳು. ಕಮ್ಮಿ ಹರಡಿದವರಿಗೆ ಲಾಭ ಅಷ್ಟು ಸ್ಪಷ್ಟ ಇಲ್ಲ, ನಮ್ಮನ್ನ ನೋಡಿ ನೀವೂ ಕೀಮೋಗೆ ಹೊರಡಬೇಡಿ.

3 ವಾರಕ್ಕೊಮ್ಮೆ, ಒಟ್ಟು 6 ಸಲ. ಬಾಯಿರುಚಿ ಹೋಗಿದೆ, ಗಂಜಿ-ಮಜ್ಜಿಗೆ ಮಾತ್ರ ಸೇರುತ್ತೆ. ಬಿಳಿರಕ್ತಕಣ ಇಳಿಯೋದರಿಂದ ಜ್ವರ 100.4 ಮುಟ್ಟಿದರೆ ಮಧ್ಯರಾತ್ರಿಯಾದ್ರೂ ಆಸ್ಪತ್ರೆಗೆ ಬರಬೇಕಂತೆ. ಮೆಟ್ರೋ ರಶ್ ಬೇಡ ಅಂತ ಬನಶಂಕರಿಯಿಂದ ಆಟೋನೇ. (ಅಪ್ಪನಿಗೆ ಮೀಟರ್ ಮೇಲೇ ಕಣ್ಣು!) ಪಿಎಸ್‌ಎ (ಈ ಕ್ಯಾನ್ಸರ್ ಹೇಗಿದೆ ಅಂತ ನೋಡೋ ರಕ್ತಪರೀಕ್ಷೆ) ಇಳೀತಿದೆ.

ಈಗ ಅಬಿರಾಟೆರೋನ್ ಅನ್ನೋ ಹಾರ್ಮೋನ್ ತಡೆಯೋ ಮಾತ್ರೆ ಸೇರಿಸೋ ಮಾತಿದೆ. ಯಾರ ಮನೇಲಾದ್ರೂ ತಗೊಂಡಿದ್ರೆ ಬಿಪಿ, ಪೊಟ್ಯಾಸಿಯಂ ಹೇಗಿತ್ತು ಹೇಳ್ತೀರಾ?