ನಮ್ಮ ತಾಣಕ್ಕೆ ಬಂದಿರುವ ಕಳಪೆ ಬ್ಯಾಕ್‌ಲಿಂಕ್‌ಗಳನ್ನು ಗುರುತಿಸುವುದು ಹೇಗೆ? ಅನುಭವವಿದ್ದವರು ತಿಳಿಸಿ

ಪ್ರಶ್ನೆ, ಚಿತ್ರದುರ್ಗದಿಂದ

ನಮ್ಮ ಕುಟುಂಬವು ಮೊಳಕಾಲ್ಮೂರಿನ ನೇಕಾರರಿಂದ ರೇಷ್ಮೆ ಸೀರೆಗಳನ್ನು ನೇರವಾಗಿ ಕೊಂಡು ಮಾರುತ್ತದೆ. ನಾಲ್ಕು ವರ್ಷಗಳಿಂದ ನಮ್ಮದೇ ಜಾಲತಾಣವಿದ್ದು, ಮದುವೆಯ ಕಾಲದಲ್ಲಿ ಅರ್ಧಕ್ಕಿಂತ ಹೆಚ್ಚು ವಿಚಾರಣೆಗಳು ಅದರ ಮೂಲಕವೇ ಬರುತ್ತವೆ. ಕಳೆದ ತಿಂಗಳು ಅಪರಿಚಿತರೊಬ್ಬರು ಇಮೇಲ್ ಕಳಿಸಿ, ನಮ್ಮ ತಾಣಕ್ಕೆ 312 ‘ವಿಷಕಾರಿ’ ಬ್ಯಾಕ್‌ಲಿಂಕ್‌ಗಳು, ಅಂದರೆ ಬೇರೆ ತಾಣಗಳಿಂದ ನಮ್ಮ ತಾಣಕ್ಕೆ ಬರುವ ಲಿಂಕ್‌ಗಳು, ಇವೆಯೆಂದೂ, ಶುಲ್ಕ ಕೊಟ್ಟರೆ ತೆಗೆಸುವುದಾಗಿಯೂ, ಇಲ್ಲವಾದರೆ ಗೂಗಲ್ ಹುಡುಕಾಟದಲ್ಲಿ ನಮ್ಮ ತಾಣ ಕಾಣಿಸದಂತಾಗುತ್ತದೆಯೆಂದೂ ತಿಳಿಸಿದ್ದಾರೆ. ಅವರ ಪಟ್ಟಿಯಲ್ಲಿರುವ ತಾಣಗಳ ಹೆಸರನ್ನು ನಾವು ಕೇಳಿಯೇ ಇಲ್ಲ. ಯಾವ ಲಿಂಕ್ ನಿಜಕ್ಕೂ ಕಳಪೆ, ಯಾವುದನ್ನು ಬಿಟ್ಟುಬಿಡಬಹುದು ಎಂಬುದನ್ನು ನಾವೇ ತಿಳಿದುಕೊಳ್ಳಲು ಸಾಧ್ಯವೇ?

ಉತ್ತರ, ದಾವಣಗೆರೆಯ ವಿದ್ಯಾನಗರದಿಂದ

ಸಾಧ್ಯವಿದೆ, ಅದಕ್ಕೆ ಹಣ ಕೊಡಬೇಕಾದ ಅಗತ್ಯವೂ ಇಲ್ಲ. ಹನ್ನೊಂದು ವರ್ಷಗಳಿಂದ ದಾವಣಗೆರೆ, ಹರಿಹರ ಮತ್ತು ಚಿತ್ರದುರ್ಗದ ಸಣ್ಣ ಉದ್ದಿಮೆಗಳಿಗೆ ಜಾಲತಾಣ ಮಾಡಿಕೊಡುತ್ತಿದ್ದೇನೆ. ಇಂಥ ಇಮೇಲ್ ಬಾರದ ಗ್ರಾಹಕರು ನನ್ನಲ್ಲಿ ಒಬ್ಬರೂ ಇಲ್ಲವೆಂದೇ ಹೇಳಬೇಕು. ಆ ಪಟ್ಟಿಯನ್ನು ಬದಿಗಿಟ್ಟು ತಾಣದ ಮಾಲೀಕರಿಗೆಂದು ಗೂಗಲ್ ಕೊಡುವ ಸಾಧನವಾದ ಸರ್ಚ್ ಕನ್ಸೋಲ್‌ನ ‘ಲಿಂಕ್ಸ್’ ವಿಭಾಗದಿಂದ ಹೊರಗಿನ ಲಿಂಕ್‌ಗಳ ಪಟ್ಟಿಯನ್ನು ಇಳಿಸಿಕೊಳ್ಳಿ. ಅದು ಪೂರ್ಣ ಲೆಕ್ಕವಲ್ಲ, ಗೂಗಲ್ ತೋರಿಸುವ ಒಂದು ಮಾದರಿ ಮಾತ್ರ. ಆದರೂ ನಿಮ್ಮ ತಾಣವನ್ನು ಅಳೆಯುವವರೇ ಕೊಟ್ಟ ಪಟ್ಟಿಯಾದ್ದರಿಂದ ಶುರುಮಾಡಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಅದರಲ್ಲಿ ಲಿಂಕಿನ ಪಕ್ಕಕ್ಕೆ ಕಾಣುವ ದಿನಾಂಕವು ಗೂಗಲ್ ಆ ಪುಟವನ್ನು ಕೊನೆಯ ಸಲ ನೋಡಿಹೋದ ದಿನವೇ ಹೊರತು ಲಿಂಕ್ ಹುಟ್ಟಿದ ದಿನವಲ್ಲ. ಇದನ್ನು ತಪ್ಪಾಗಿ ಓದಿ, ಮೊನ್ನೆಯಷ್ಟೇ ನಮ್ಮ ಮೇಲೆ ಯಾರೋ ದಾಳಿ ಮಾಡಿದ್ದಾರೆ ಎಂದು ರಾತ್ರಿ ಹತ್ತು ಗಂಟೆಗೆ ಕರೆ ಮಾಡಿದವರಿದ್ದಾರೆ.

ಪಟ್ಟಿ ಕೈಗೆ ಬಂದ ಮೇಲೆ ಲಿಂಕ್‌ಗಳನ್ನು ಎಣಿಸುವುದನ್ನು ಬಿಟ್ಟು ಡೊಮೇನ್‌ಗಳನ್ನು, ಅಂದರೆ ಬೇರೆ ಬೇರೆ ತಾಣಗಳನ್ನು, ಎಣಿಸಿ. ಒಂದೇ ತಾಣದ ಅಡಿಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ಆ ತಾಣದಲ್ಲಿ ಎಷ್ಟು ಪುಟಗಳಿವೆಯೋ ಅಷ್ಟು ಲಿಂಕ್‌ಗಳು ಲೆಕ್ಕಕ್ಕೆ ಬರುತ್ತವೆ. ನಿಮಗೆ ಹೇಳಿರುವ 312 ಎಂಬ ಸಂಖ್ಯೆಯ ಹಿಂದೆ ಮೂವತ್ತೋ ನಲವತ್ತೋ ತಾಣಗಳು ಇರಬಹುದು. ಅಷ್ಟನ್ನು ಒಂದು ಭಾನುವಾರ ಬೆಳಿಗ್ಗೆ ಕುಳಿತು ಕಣ್ಣಾರೆ ನೋಡಿ ಮುಗಿಸಬಹುದು.

ನಂತರ ಅದೇ ವಿಭಾಗದಲ್ಲಿರುವ ‘ಟಾಪ್ ಲಿಂಕಿಂಗ್ ಟೆಕ್ಸ್ಟ್’ ಪಟ್ಟಿಯನ್ನು ತೆರೆಯಿರಿ. ಲಿಂಕಿನ ಮೇಲೆ ಯಾವ ಪದಗಳು ಬರೆದಿವೆ, ಅಂದರೆ ಆ್ಯಂಕರ್ ಪಠ್ಯ ಏನಿದೆ, ಎಂಬುದು ಅಲ್ಲಿ ಕಾಣುತ್ತದೆ. ತಾವಾಗಿಯೇ ಲಿಂಕ್ ಕೊಡುವ ಜನರು ಒಂದೇ ರೀತಿ ಬರೆಯುವುದಿಲ್ಲ: ಒಬ್ಬರು ಅಂಗಡಿಯ ಹೆಸರು ಬರೆಯುತ್ತಾರೆ, ಇನ್ನೊಬ್ಬರು ತಾಣದ ವಿಳಾಸವನ್ನೇ ಅಂಟಿಸುತ್ತಾರೆ, ಮತ್ತೊಬ್ಬರು ‘ಇಲ್ಲಿ ನೋಡಿ’ ಎನ್ನುತ್ತಾರೆ, ಕೆಲವರು ಹೆಸರನ್ನೇ ತಪ್ಪಾಗಿ ಬರೆಯುತ್ತಾರೆ. ಹತ್ತಾರು ತಾಣಗಳು ‘ಕಡಿಮೆ ಬೆಲೆಯ ಉತ್ತಮ ರೇಷ್ಮೆ ಸೀರೆ ಆನ್‌ಲೈನ್ ಖರೀದಿ’ ಎಂಬ ಮಾತನ್ನು ಅಕ್ಷರ ಬದಲಾಗದಂತೆ ಬರೆದಿದ್ದರೆ ಅವೆಲ್ಲವೂ ಒಂದೇ ಕೈಯಿಂದ ಬಂದವು ಎಂದು ತಿಳಿಯಬಹುದು. ಇಪ್ಪತ್ತು ಅಂಕಿಅಂಶಗಳಿಗಿಂತ ಈ ಒಂದು ಪಟ್ಟಿಯನ್ನು ನಾನು ಹೆಚ್ಚು ನಂಬುತ್ತೇನೆ.

ಇನ್ನು ಪುಟಗಳನ್ನು ತೆರೆದು ನೋಡುವ ಕೆಲಸ. ಹರಿಹರದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಗ್ರಾಹಕರೊಬ್ಬರಿಗಾಗಿ ನಾನು ತೆರೆದ ಪುಟವೊಂದು ಈಗಲೂ ಕಣ್ಣ ಮುಂದಿದೆ. ಶೀರ್ಷಿಕೆಯಲ್ಲಿ ‘ಉದ್ಯಮ ಕೈಪಿಡಿ’ ಎಂದಿತ್ತು. ಕೆಳಗೆ ಸಾಲಾಗಿ ಮುನ್ನೂರಕ್ಕೂ ಹೆಚ್ಚು ಲಿಂಕ್‌ಗಳಿದ್ದು, ನಮ್ಮವರ ಹೆಸರಿನ ಮೇಲೆ ಯಾವುದೋ ದೇಶದ ಛಾವಣಿ ರಿಪೇರಿಯವರೂ ಕೆಳಗೆ ಆನ್‌ಲೈನ್ ಜೂಜಿನ ತಾಣವೊಂದೂ ಇದ್ದವು. ಸಂಪರ್ಕಿಸಲು ವಿಳಾಸವಿರಲಿಲ್ಲ, ಬರೆದವರ ಹೆಸರಿರಲಿಲ್ಲ, ಹುಡುಕಿ ಓದುವಂತಹ ಒಂದು ವಾಕ್ಯವೂ ಇರಲಿಲ್ಲ. ಅದೇ ವಿನ್ಯಾಸದ, ಬಣ್ಣ ಮಾತ್ರ ಬದಲಾಗಿದ್ದ ಇನ್ನೂ ಒಂಬತ್ತು ತಾಣಗಳು ಪಟ್ಟಿಯಲ್ಲಿ ಸಿಕ್ಕವು. ಅವುಗಳಲ್ಲಿ ಒಂದನ್ನು, ತಾಣಗಳ ಹಳೆಯ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ಹಾಕಿ ನೋಡಿದಾಗ, ಕೆಲವು ವರ್ಷಗಳ ಹಿಂದೆ ಅದು ಒಂದು ಸಂಗೀತ ತಂಡದ ತಾಣವಾಗಿತ್ತೆಂದು ತಿಳಿಯಿತು. ತಂಡದವರು ಡೊಮೇನ್ ನವೀಕರಿಸದೆ ಬಿಟ್ಟಿದ್ದರು, ಬೇರೆಯವರು ಅದನ್ನು ಕೊಂಡು ಹಳೆಯ ಹೆಸರಿನ ಮೇಲೆ ಲಿಂಕ್ ಮಾರುತ್ತಿದ್ದರು. ಅವಧಿ ಮುಗಿದ ಡೊಮೇನ್‌ಗಳ ಈ ದುರ್ಬಳಕೆಯನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ಸ್ಪ್ಯಾಮ್ ನೀತಿಯಲ್ಲಿ ಪ್ರತ್ಯೇಕವಾಗಿ ಹೆಸರಿಸಿತು.

ಆ ಹತ್ತು ತಾಣಗಳು ಎಲ್ಲಿಂದ ಬಂದವು ಎಂದು ವಿಚಾರಿಸಿದಾಗ, ಎರಡು ವರ್ಷ ಹಿಂದೆ ಮಾರುಕಟ್ಟೆ ಕೆಲಸ ನೋಡಿಕೊಳ್ಳುತ್ತಿದ್ದ ಏಜೆಂಟರೊಬ್ಬರು ಮಾಲೀಕರಿಗೆ ಹೇಳದೆಯೇ ಲಿಂಕ್‌ಗಳ ಕಟ್ಟುಗಳನ್ನು ಕೊಂಡಿದ್ದರೆಂದು ಹೊರಬಂದಿತು. ಅಷ್ಟರಲ್ಲಿ ಗೂಗಲ್ ಸಿಬ್ಬಂದಿಯೇ ನೋಡಿ ಕೈಗೊಂಡ ಕ್ರಮಗಳನ್ನು ತೋರಿಸುವ ಸರ್ಚ್ ಕನ್ಸೋಲ್‌ನ ‘ಮ್ಯಾನ್ಯುಯಲ್ ಆ್ಯಕ್ಷನ್ಸ್’ ಪುಟದಲ್ಲಿ ಅಸಹಜ ಲಿಂಕ್‌ಗಳ ಕುರಿತ ನೋಟಿಸ್ ಬಂದೂ ಆಗಿತ್ತು. ಸಿಕ್ಕ ತಾಣಗಳಿಗೆಲ್ಲ ಪತ್ರ ಬರೆದು ಕೆಲವನ್ನು ತೆಗೆಸಿ, ಉತ್ತರ ಬಾರದವನ್ನು ಡಿಸ್‌ಅವೋ ಮಾಡಿ (ಆ ಲಿಂಕ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಗೂಗಲ್‌ಗೆ ಒಂದು ಕಡತದ ಮೂಲಕ ತಿಳಿಸಿ), ಏನೇನು ಮಾಡಿದೆವೆಂದು ವಿವರವಾಗಿ ಬರೆದು ಮರುಪರಿಶೀಲನೆ ಕೋರಿದೆವು. ಮೊದಲ ಸಲ ತಿರಸ್ಕೃತವಾಯಿತು, ಎರಡನೆಯ ಸಲ ನೋಟಿಸ್ ತೆರವಾಯಿತು. ಅಲ್ಲಿಂದ ಮುಂದೆ ಯಾವ ಲಿಂಕನ್ನು ನೋಡಿದರೂ ನಾನು ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ: ಇದನ್ನು ಇಲ್ಲಿ ಹಾಕಿದವರು ಯಾರು? ನಾವೋ ನಮ್ಮ ಪರವಾಗಿ ದುಡ್ಡು ಪಡೆದವರೋ ಹಾಕಿದ್ದರೆ ಅದು ನಮ್ಮ ಹೊಣೆ. ನಮಗೆ ಸಂಬಂಧವೇ ಇಲ್ಲದವರು ಹಾಕಿದ ಕಸವಾದರೆ ಬಹುತೇಕ ಸಲ ಅದರಿಂದ ಹಾನಿಯಿಲ್ಲ.

ಹಾನಿಯಿಲ್ಲ ಎಂದು ಧೈರ್ಯವಾಗಿ ಹೇಳುವುದಕ್ಕೆ ಕಾರಣವಿದೆ. ಗೂಗಲ್ 2012ರ ಏಪ್ರಿಲ್‌ನಲ್ಲಿ ‘ಪೆಂಗ್ವಿನ್’ ಎಂಬ ಬದಲಾವಣೆ ತಂದಾಗ ಕಳಪೆ ಲಿಂಕ್‌ಗಳಿದ್ದ ತಾಣಗಳು ಹುಡುಕಾಟದಲ್ಲಿ ಕೆಳಕ್ಕೆ ಬಿದ್ದವು, ಆ ವರ್ಷದ ಅಕ್ಟೋಬರ್‌ನಲ್ಲಿ ಡಿಸ್‌ಅವೋ ಸಾಧನವನ್ನೂ ಕೊಟ್ಟರು. ಈಗ ಹರಡಿರುವ ಭಯವೆಲ್ಲ ಆ ಕಾಲದ್ದು. 2016ರ ಸೆಪ್ಟೆಂಬರ್‌ನಲ್ಲಿ ಪೆಂಗ್ವಿನ್ ಮುಖ್ಯ ವ್ಯವಸ್ಥೆಯಲ್ಲೇ ಸೇರಿಕೊಂಡಿತು. ಇಡೀ ತಾಣವನ್ನು ಶಿಕ್ಷಿಸುವ ಬದಲು ಅಂಥ ಲಿಂಕ್‌ಗಳಿಗೆ ಬೆಲೆ ಕೊಡದಿರುವ ಕ್ರಮ ಅಲ್ಲಿಂದ ಶುರುವಾಯಿತು. 2022ರ ಡಿಸೆಂಬರ್‌ನಲ್ಲಿ ಸ್ಪ್ಯಾಮ್ ಪತ್ತೆಹಚ್ಚುವ ‘ಸ್ಪ್ಯಾಮ್‌ಬ್ರೇನ್’ ವ್ಯವಸ್ಥೆಯನ್ನು ಲಿಂಕ್‌ಗಳಿಗೂ ಬಳಸಿ ಅಸಹಜವಾದವನ್ನು ನಿಷ್ಕ್ರಿಯಗೊಳಿಸುವುದಾಗಿ ಪ್ರಕಟಿಸಿದರು. ಹೆಚ್ಚಿನ ತಾಣಗಳಿಗೆ ಡಿಸ್‌ಅವೋ ಬೇಕಾಗುವುದೇ ಇಲ್ಲವೆಂದು ಗೂಗಲ್‌ನ ಸಹಾಯ ಪುಟವೇ ಹೇಳುತ್ತದೆ.

ಆದ್ದರಿಂದ ವಾಲ್‌ಪೇಪರ್ ಚಿತ್ರಗಳನ್ನು ಕದ್ದು ಹಾಕುವ ತಾಣಗಳು, ಜಗತ್ತಿನ ಡೊಮೇನ್‌ಗಳನ್ನೆಲ್ಲ ಪಟ್ಟಿಮಾಡಿ ‘ಈ ತಾಣದ ಬೆಲೆ ಇಷ್ಟು’ ಎಂದು ಬರೆಯುವ ಪುಟಗಳು, ನಿಮ್ಮ ಸೀರೆಯ ವಿವರಣೆಯನ್ನು ಹಾಗೇ ನಕಲು ಮಾಡಿದವರು, ಇವರನ್ನೆಲ್ಲ ಬಿಟ್ಟುಬಿಡಿ. ಪುಟದ ಮೂಲ ಸಂಕೇತದಲ್ಲಿ ಲಿಂಕಿಗೆ ‘ನೋಫಾಲೋ’, ‘ಸ್ಪಾನ್ಸರ್ಡ್’ ಅಥವಾ ‘ಯುಜಿಸಿ’ ಎಂಬ ಗುರುತು ಇದ್ದರೆ, ತನಗೆ ಹೊಣೆಯಿಲ್ಲವೆಂದೋ ಅದು ಜಾಹೀರಾತೆಂದೋ ಓದುಗರು ಬರೆದದ್ದೆಂದೋ ಆ ತಾಣವೇ ಹೇಳಿಕೊಂಡಂತಾಯಿತು. ಅದರ ಚಿಂತೆಯೂ ಬೇಡ.

ಉತ್ತರ, ದಾವಣಗೆರೆಯ ಪಿ.ಜೆ. ಬಡಾವಣೆಯಿಂದ

ಮೇಲಿನವರು ಹೇಳದೆ ಬಿಟ್ಟ ಒಂದು ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ಅದರಲ್ಲಿ ನಾನೇ ನಷ್ಟ ಅನುಭವಿಸಿದ್ದೇನೆ. ನಮ್ಮದು ಮನೆಯಲ್ಲೇ ತಯಾರಿಸುವ ಚಟ್ನಿಪುಡಿ ಮತ್ತು ಖಾರ ಮಂಡಕ್ಕಿಯ ವ್ಯಾಪಾರ. ಬ್ಯಾಕ್‌ಲಿಂಕ್ ಪರೀಕ್ಷಿಸುವ ಸಾಧನವೊಂದು ನಮ್ಮ ಪಟ್ಟಿಯಲ್ಲಿ ಹಲವು ಡೊಮೇನ್‌ಗಳಿಗೆ ಕೆಂಪು ಬಣ್ಣ ಕೊಟ್ಟಿತ್ತು. ಅಂಕ ಇಪ್ಪತ್ತಕ್ಕಿಂತ ಕಡಿಮೆಯಿದ್ದ ಎಲ್ಲವನ್ನೂ ಒಂದೇ ಕಡತಕ್ಕೆ ಹಾಕಿ ಡಿಸ್‌ಅವೋ ಮಾಡಿದೆ. ಹಲವು ತಿಂಗಳ ನಂತರ ಆ ಕಡತವನ್ನು ಮತ್ತೆ ಓದಿದಾಗ, ಅದರಲ್ಲಿ ನಮ್ಮ ಬಗ್ಗೆ ಪ್ರೀತಿಯಿಂದ ಬರೆದಿದ್ದ ಕನ್ನಡದ ಸ್ಥಳೀಯ ಸುದ್ದಿ ತಾಣವೊಂದು, ನಾವು ತಿಂಡಿ ಒದಗಿಸಿದ್ದ ಕಾಲೇಜು ಉತ್ಸವದ ಪುಟ ಮತ್ತು ಓದುಗರೊಬ್ಬರ ಅಡುಗೆ ಬರಹಗಳ ತಾಣ ಇದ್ದವು. ನಾವು ಸಂಪಾದಿಸಿದ್ದ ಪ್ರಾಮಾಣಿಕ ಲಿಂಕ್‌ಗಳೇ ಆ ಮೂರು. ಆ ಅವಧಿಯಲ್ಲಿ ಹುಡುಕಾಟದಿಂದ ಬರುವವರು ಕಡಿಮೆಯಾಗಿದ್ದರು. ಅದಕ್ಕೆ ಇದೊಂದೇ ಕಾರಣವೆಂದು ಸಾಧಿಸಲಾರೆ, ಆದರೆ ಮಾಡಬಾರದ ಕೆಲಸ ಮಾಡಿದ್ದೆನೆಂಬುದರಲ್ಲಿ ಸಂದೇಹವಿಲ್ಲ.

ಮೋಜ್‌ನ ಡೊಮೇನ್ ಅಥಾರಿಟಿ, ಏಹ್ರೆಫ್ಸ್‌ನ ಡೊಮೇನ್ ರೇಟಿಂಗ್, ಸೆಮ್‌ರಶ್‌ನ ಅಥಾರಿಟಿ ಸ್ಕೋರ್ ಇವೆಲ್ಲ ಆಯಾ ಕಂಪನಿಗಳು ತಮ್ಮ ಲೆಕ್ಕದಲ್ಲಿ ಕೊಡುವ ಅಂಕಗಳು, ಗೂಗಲ್ ಇವುಗಳನ್ನು ಬಳಸುವುದಿಲ್ಲ. ಲಿಂಕ್‌ಗಳಿಂದ ಪುಟದ ಮಹತ್ವ ಅಳೆಯುವ ಗೂಗಲ್‌ನದೇ ಪೇಜ್‌ರ‍್ಯಾಂಕ್ ಅಂಕವು ಹೊರಗಿನವರಿಗೆ ಕಾಣುವುದು 2016ರಲ್ಲೇ ನಿಂತುಹೋಯಿತು. ಕನ್ನಡದ ಸಣ್ಣ ತಾಣಗಳಿಗೆ ಹೊರಗಿನಿಂದ ಲಿಂಕ್ ಕೊಡುವವರೇ ಕಡಿಮೆ, ಹಾಗಾಗಿ ಅವುಗಳ ಅಂಕ ಸಹಜವಾಗಿಯೇ ತಗ್ಗಿರುತ್ತದೆ. ಅಂಕ ಕಡಿಮೆಯಿರುವುದು ಬೇರೆ, ಕಳಪೆಯಾಗಿರುವುದು ಬೇರೆ. ಲಿಂಕ್ ಕೊಟ್ಟವರು ನಿಮ್ಮ ಸೀರೆಯನ್ನು ಕಂಡಿದ್ದಾರೆಯೇ, ಅವರ ಓದುಗರಲ್ಲಿ ಒಬ್ಬರಾದರೂ ಅದನ್ನು ಒತ್ತಿ ನಿಮ್ಮ ಕಡೆಗೆ ಬರಬಹುದೇ ಎಂದು ನೋಡಿ.

ಡಿಸ್‌ಅವೋ ಮಾಡಲೇಬೇಕಾಗಿ ಬಂದರೆ ಹೊಸ ಕಡತ ಹಾಕಿದಾಗ ಹಳೆಯದು ಪೂರ್ತಿ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಆದ್ದರಿಂದ ಹಳೆಯ ಸಾಲುಗಳನ್ನು ಸೇರಿಸಿಯೇ ಹೊಸದನ್ನು ಬರೆಯಬೇಕು, ಒಂದು ಪ್ರತಿ ನಿಮ್ಮ ಬಳಿಯಲ್ಲೂ ಇರಬೇಕು. ಸಾಲಿನ ಮೊದಲಿಗೆ ಹ್ಯಾಶ್ ಚಿಹ್ನೆ ಹಾಕಿ ಯಾವ ದಿನ, ಯಾವ ಕಾರಣಕ್ಕೆ ಸೇರಿಸಿದಿರಿ ಎಂದು ಬರೆದಿಡಬಹುದು. ನಾನು ಹಾಗೆ ಬರೆದಿಟ್ಟಿದ್ದರೆ ಆ ಮೂರು ತಾಣಗಳು ಅಷ್ಟು ತಿಂಗಳು ಅಲ್ಲಿ ಉಳಿಯುತ್ತಿರಲಿಲ್ಲ.

ಉತ್ತರ, ಚಳ್ಳಕೆರೆಯಿಂದ

ಲಿಂಕ್ ಎಲ್ಲಿಂದ ಬಂದಿದೆ ಎಂಬುದನ್ನು ಎಲ್ಲರೂ ನೋಡುತ್ತಾರೆ, ನಿಮ್ಮ ತಾಣದ ಯಾವ ಪುಟಕ್ಕೆ ಬಂದಿದೆ ಎಂಬುದನ್ನೂ ದಯವಿಟ್ಟು ನೋಡಿ. ನಾವು ಕುರಿ ಉಣ್ಣೆಯ ಕಂಬಳಿಗಳನ್ನು ಮಾರುವ ಸಣ್ಣ ತಾಣ ನಡೆಸುತ್ತೇವೆ, ಅದರಲ್ಲಿರುವುದು ಹದಿನಾಲ್ಕು ಪುಟಗಳು. ಲಿಂಕ್ಸ್ ವಿಭಾಗದಲ್ಲಿ ಹೊರಗಿನಿಂದ ಅತಿ ಹೆಚ್ಚು ಲಿಂಕ್ ಪಡೆದ ಪುಟಗಳ ಪಟ್ಟಿ ತೆರೆದಾಗ, ನಾವು ಎಂದೂ ಮಾಡದ ವಿಳಾಸಗಳು ಸಾಲುಸಾಲಾಗಿ ಕಂಡವು. ನಮ್ಮ ತಾಣದ ಹೆಸರು, ನಂತರ ಒಂದು ಓರೆಗೆರೆ, ನಂತರ ಅರ್ಥವಿಲ್ಲದ ಅಕ್ಷರಗಳು ಮತ್ತು ಅಂಕಿಗಳು. ಗೂಗಲ್‌ನಲ್ಲಿ ‘site:’ ಎಂದು ಬರೆದು ಅದರ ಪಕ್ಕಕ್ಕೇ ನಮ್ಮ ಡೊಮೇನ್ ಹಾಕಿ ಹುಡುಕಿದಾಗ ಕಂಬಳಿಯ ಪುಟಗಳ ನಡುವೆ ಜಪಾನಿ ಅಕ್ಷರಗಳ ನೂರಾರು ಪುಟಗಳು ಬಂದವು.

ತೊಂದರೆ ಬ್ಯಾಕ್‌ಲಿಂಕ್‌ಗಳದ್ದಾಗಿರಲಿಲ್ಲ. ನವೀಕರಿಸದೆ ಬಿಟ್ಟಿದ್ದ ವರ್ಡ್‌ಪ್ರೆಸ್ (ತಾಣ ಕಟ್ಟುವ ತಂತ್ರಾಂಶ) ಪ್ಲಗಿನ್ ಒಂದರ ಮೂಲಕ ಯಾರೋ ಒಳಗೆ ಬಂದು, ನಮ್ಮ ತಾಣದಲ್ಲೇ ಅಂಗಡಿ ತೆರೆದು, ಅದಕ್ಕೆ ತಮ್ಮ ಇತರ ತಾಣಗಳಿಂದ ಲಿಂಕ್ ಕೊಟ್ಟುಕೊಂಡಿದ್ದರು. ಸರ್ಚ್ ಕನ್ಸೋಲ್‌ನ ಸೆಟ್ಟಿಂಗ್ಸ್‌ನಲ್ಲಿ ಬಳಕೆದಾರರ ಪಟ್ಟಿಯನ್ನು ನೋಡಿದರೆ ಅಲ್ಲಿಯೂ ಪರಿಚಯವಿಲ್ಲದ ಒಬ್ಬ ಮಾಲೀಕರಿದ್ದರು. ಆ ಖಾತೆಯನ್ನು ತೆಗೆದು, ಅದನ್ನು ದೃಢೀಕರಿಸಲು ಅವರು ಸರ್ವರ್‌ನಲ್ಲಿ ಇಟ್ಟಿದ್ದ ಕಡತವನ್ನೂ ಅಳಿಸಿ, ಎಲ್ಲ ಪಾಸ್‌ವರ್ಡ್‌ಗಳನ್ನು ಬದಲಿಸಿ, ಶುದ್ಧವಾದ ಹಳೆಯ ಪ್ರತಿಯಿಂದ ತಾಣವನ್ನು ಮತ್ತೆ ನಿಲ್ಲಿಸಿದೆವು. ಸುಳ್ಳು ವಿಳಾಸಗಳು 404, ಅಂದರೆ ಪುಟವಿಲ್ಲ, ಎಂದು ಉತ್ತರಿಸತೊಡಗಿದ ಮೇಲೆ ಅವು ಹುಡುಕಾಟದಿಂದ ಒಂದೊಂದಾಗಿ ಉದುರಿದವು. ಡಿಸ್‌ಅವೋ ಮಾಡಿ ಕುಳಿತಿದ್ದರೆ ಕಳ್ಳನನ್ನು ಮನೆಯೊಳಗಿಟ್ಟುಕೊಂಡು ಬೀದಿ ಗುಡಿಸಿದಂತಾಗುತ್ತಿತ್ತು.

ಅನುಮಾನದ ಪುಟಗಳನ್ನು ತೆರೆಯುವಾಗಲೂ ಎಚ್ಚರವಿರಲಿ. ಅವುಗಳಲ್ಲಿ ಕೆಲವು ಇನ್ನೊಬ್ಬರ ಕೈಗೆ ಸಿಕ್ಕಿರುವ ತಾಣಗಳೇ ಆಗಿರುತ್ತವೆ. ಬ್ಯಾಂಕ್ ವ್ಯವಹಾರ ನಡೆಸುವ ಬ್ರೌಸರ್‌ನಲ್ಲಿ ತೆರೆಯಬೇಡಿ, ಏನನ್ನಾದರೂ ಇಳಿಸಿಕೊಳ್ಳಲು ಕೇಳಿದರೆ ಅಲ್ಲಿಗೇ ಮುಚ್ಚಿಬಿಡಿ.

ಪ್ರಶ್ನೆ ಕೇಳಿದವರಿಂದ, ಹತ್ತು ದಿನಗಳ ನಂತರ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನೀವು ಹೇಳಿದ ಕ್ರಮದಲ್ಲೇ ಕುಳಿತು ನೋಡಿದೆ. 312 ಲಿಂಕ್‌ಗಳ ಹಿಂದೆ ಇದ್ದದ್ದು 37 ಡೊಮೇನ್‌ಗಳು. ಇಪ್ಪತ್ತಾರು ಚಿತ್ರ ಕದಿಯುವ ಹಾಗೂ ಡೊಮೇನ್ ಪಟ್ಟಿ ಮಾಡುವ ತಾಣಗಳಾಗಿದ್ದವು, ಅವನ್ನು ಮುಟ್ಟಿಲ್ಲ. ಐದು ಒಳ್ಳೆಯವೇ ಆಗಿದ್ದು, ಅವುಗಳಲ್ಲಿ ಒಂದು ನೇಯ್ಗೆಯ ಬಗ್ಗೆ ಸಂಶೋಧನೆ ಮಾಡುವ ವಿದ್ಯಾರ್ಥಿನಿಯೊಬ್ಬರ ಪುಟ. ಆಕೆ ನಮ್ಮ ಸೀರೆಯ ಅಂಚಿನ ಚಿತ್ರವನ್ನು ಹೆಸರು ಹಾಕಿ ಬಳಸಿದ್ದಾರೆ. ಇಮೇಲ್ ಕಳಿಸಿದವರ ಪಟ್ಟಿಯಲ್ಲಿ ಅದಕ್ಕೂ ‘ವಿಷಕಾರಿ’ ಎಂಬ ಗುರುತಿತ್ತು.

ಉಳಿದ ಆರರಲ್ಲಿ ಆ್ಯಂಕರ್ ಪಠ್ಯ ಅಕ್ಷರಶಃ ಒಂದೇ ಆಗಿದೆ. ಅಣ್ಣನನ್ನು ಕೇಳಿದಾಗ, ತಾಣ ಆರಂಭಿಸಿದ ವರ್ಷ ಯಾರಿಗೋ ಎರಡು ಸಾವಿರ ರೂಪಾಯಿ ಕೊಟ್ಟು ‘ಪ್ರಚಾರ’ ಮಾಡಿಸಿದ್ದಾಗಿ ಹೇಳಿದ. ಮ್ಯಾನ್ಯುಯಲ್ ಆ್ಯಕ್ಷನ್ಸ್ ಪುಟದಲ್ಲಿ ಯಾವ ನೋಟಿಸೂ ಇಲ್ಲ, ನಮ್ಮದಲ್ಲದ ಪುಟಗಳೂ ಇಲ್ಲ. ಆದರೂ ಇವು ನಾವೇ ಹಾಕಿಸಿದವಾದ್ದರಿಂದ ಆರೂ ತಾಣಗಳಿಗೆ ತೆಗೆಯುವಂತೆ ಬರೆದಿದ್ದೇನೆ. ಎರಡರಿಂದ ತೆಗೆದಿರುವುದಾಗಿ ಉತ್ತರ ಬಂದಿದೆ, ಒಂದರಲ್ಲಿ ತೆಗೆಯಲು ಹಣ ಕೇಳಿದ್ದಾರೆ. ಅದನ್ನು ಕೊಡುವುದಿಲ್ಲ. ತಿಂಗಳ ಕೊನೆಯವರೆಗೆ ಕಾದು, ಉಳಿದವನ್ನು ದಿನಾಂಕ ಮತ್ತು ಕಾರಣ ಬರೆದು ಕಡತಕ್ಕೆ ಸೇರಿಸುತ್ತೇನೆ.