ಸೋಮನಾಥಪುರದ ಗುಡಿ ಮೊಬೈಲ್‌ನಲ್ಲಿ ಹಿಂದಕ್ಕೆ ವಾಲಿದಂತೆ ಬರುವುದೇಕೆ?

ಪ್ರಶ್ನೆ: ಸರ್, ಕೇಶವ ದೇವಾಲಯದ ಮೂರೂ ಶಿಖರ ಒಂದೇ ಫೋಟೋದಲ್ಲಿ ಬರಲಿ ಎಂದು ಫೋನಿನ 0.5 ಲೆನ್ಸ್‌ನಲ್ಲಿ (ತುಂಬ ಅಗಲಕ್ಕೆ ಕಾಣುವ ಲೆನ್ಸ್) ತೆಗೆದೆ. ಗುಡಿ ಹಿಂದಕ್ಕೆ ಬಿದ್ದಂತಿದೆ, ಅಂಚಿನಲ್ಲಿ ನಿಂತ ಅಮ್ಮನ ಮುಖ ಅಗಲವಾಗಿದೆ. ಪರದೆಯನ್ನು ಮೂರು ಮೂರು ಭಾಗ ಮಾಡುವ ಗೆರೆಗಳ ಗ್ರಿಡ್ ಆನ್ ಇತ್ತು, ಶಿಖರವನ್ನು ಮೂರನೇ ಒಂದು ಭಾಗದ ಗೆರೆಗೇ ಕೂರಿಸಿದ್ದೆ.

ಉತ್ತರ: ಗೆರೆಯದೇನೂ ತಪ್ಪಿಲ್ಲ, ನಿಂತ ಜಾಗ ಸರಿಯಿಲ್ಲ. ಗುಡಿಗೆ ತೀರಾ ಹತ್ತಿರ ನಿಂತು ಫೋನನ್ನು ಮೇಲಕ್ಕೆ ಓರೆ ಮಾಡಿದರೆ ನೇರ ಗೆರೆಗಳೆಲ್ಲ ಮೇಲೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಅದಕ್ಕೇ ವಾಲಿದಂತೆ ಕಾಣುವುದು. 0.5 ಲೆನ್ಸ್ ಅಂಚಿನಲ್ಲಿರುವುದನ್ನೆಲ್ಲ ಎಳೆಯುತ್ತದೆ. ಮನುಷ್ಯರು ಯಾವಾಗಲೂ ನಡುಭಾಗದಲ್ಲೇ ಇರಲಿ.

ಸುತ್ತಲಿನ ಕೈಸಾಲೆಯವರೆಗೆ ಹಿಂದೆ ಹೋಗಿ, ಸಾಮಾನ್ಯ ಲೆನ್ಸ್, ಅಂದರೆ 1x ಹಾಕಿ. ಫೋನ್ ಉದ್ದುದ್ದ ಹಿಡಿದು, ಗೋಡೆಗೆ ಸಮಾನಾಂತರವಾಗಿ ನೆಟ್ಟಗೆ ಇಡಿ. ಕೆಳಗೆ ಅಂಗಳ ಹೆಚ್ಚು ಬರುತ್ತದೆ, ಬರಲಿ; ಆಮೇಲೆ ಕ್ರಾಪ್ ಮಾಡಿ. ಕೈಸಾಲೆಯ ಎರಡು ಕಂಬಗಳ ನಡುವೆ ಗುಡಿ ಕೂತರೆ ಅದೇ ಚೌಕಟ್ಟು. ಆದರೆ ಕಂಬ ನೆರಳಲ್ಲಿರುತ್ತದೆ, ಫೋನ್ ಅದನ್ನು ಬೆಳಗಲು ಹೋಗಿ ಆಕಾಶವನ್ನು ಬಿಳಿಚಿಸುತ್ತದೆ. ಪರದೆಯಲ್ಲಿ ಗುಡಿ ಕಾಣುವ ಕಡೆ ಬೆರಳೊತ್ತಿ, ಬೆಳಕಿನ ಸ್ಲೈಡರ್ ಸ್ವಲ್ಪ ಇಳಿಸಿ.

ಮೂಲೆಯಿಂದ ತೆಗೆಯುವಾಗ ಎರಡು ಶಿಖರ ಒಂದರ ಮೇಲೊಂದು ಬಿದ್ದು ಒಂದೇ ಗುಡ್ಡೆಯಾಗಿ ಕಾಣುತ್ತವೆ. ನಡುವೆ ಆಕಾಶದ ಒಂದು ಪಟ್ಟಿ ಕಾಣುವವರೆಗೆ ಎರಡು ಮೂರು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಇಷ್ಟು ಮಾಡಿದರೇ ಫೋಟೋ ಅರ್ಧ ಗೆದ್ದಂತೆ.

ಪ್ರಶ್ನೆ: ಗೋಡೆಯ ಆನೆ ಸಾಲು ಚಪ್ಪಟೆಯಾಗಿ ಬಂದಿದೆ. ಫ್ಲ್ಯಾಶ್ ಹಾಕಲೇ?

ಉತ್ತರ: ಖಂಡಿತ ಬೇಡ. ಎದುರಿನಿಂದ ಬಿದ್ದ ಬೆಳಕು ನೆರಳನ್ನು ಅಳಿಸುತ್ತದೆ, ನೆರಳಿಲ್ಲದೆ ಕೆತ್ತನೆಗೆ ಆಳವಿಲ್ಲ. 1258ರ ಈ ಗುಡಿಯ ಗೋಡೆ ನಕ್ಷತ್ರಾಕಾರದಲ್ಲಿ ಮಡಚಿ ಮಡಚಿ ಹೋಗುವುದರಿಂದ, ಬಿಸಿಲಿರುವಾಗ ಸುತ್ತು ಹಾಕಿದರೆ ಯಾವುದಾದರೊಂದು ಮುಖಕ್ಕೆ ಬೆಳಕು ಸವರಿಕೊಂಡು ಹೋಗುತ್ತಿರುತ್ತದೆ. ಅದನ್ನು ಹುಡುಕಿ. ಚಳಿಗಾಲದ ಸಂಜೆ ನಾಲ್ಕರ ಹೊತ್ತಿಗೆ ದಕ್ಷಿಣದ ಗೋಡೆ ನೋಡಿ: ಆನೆಯ ಸೊಂಡಿಲಿನ ಕೆಳಗೆ ಕತ್ತಿಯಲ್ಲಿ ಗೀರಿದಂತೆ ನೆರಳು ಬೀಳುತ್ತದೆ. ಆನೆಗಳು ತಳದ ಸಾಲಿನಲ್ಲಿವೆ, ಕುಕ್ಕರಗಾಲಲ್ಲಿ ಕೂತು ಅವುಗಳ ಎತ್ತರಕ್ಕೇ ಫೋನ್ ತನ್ನಿ. ಸಾಲನ್ನು ಪೂರ್ತಿ ಹಿಡಿಯುವ ಆಸೆ ಬಿಡಿ, ಮೂರು ಆನೆ ಸಾಕು. ಕೊನೆಯ ಆನೆಯ ಸೊಂಡಿಲು ಮಾತ್ರ ಕತ್ತರಿಸಬೇಡಿ.

ಪ್ರಶ್ನೆ: ಅಮ್ಮನನ್ನು ಎಲ್ಲಿ ನಿಲ್ಲಿಸಲಿ?

ಉತ್ತರ: ಗೋಡೆಗೆ ಒರಗಿಸಬೇಡಿ, ಹತ್ತು ಹೆಜ್ಜೆ ಮುಂದೆ ನಿಲ್ಲಿಸಿ. ತಲೆಯ ಹಿಂದೆ ಶಿಖರ ಬಂದರೆ ಕಿರೀಟವಿಟ್ಟಂತಾಗುತ್ತದೆ, ಖಾಲಿ ಆಕಾಶವೋ ಬರಿಯ ಗೋಡೆಯೋ ಬರುವಂತೆ ನೋಡಿಕೊಳ್ಳಿ. ಕಾಲು ಪೂರ್ತಿ ಬರಲಿ, ಇಲ್ಲವೇ ಸೊಂಟದ ಮೇಲಿನಷ್ಟೇ ಬರಲಿ. ಮಂಡಿಗೋ ಕಣಕಾಲಿಗೋ ಸರಿಯಾಗಿ ಕತ್ತರಿಸಿದರೆ ಕಣ್ಣಿಗೆ ಚುಚ್ಚುತ್ತದೆ.